ಮುಖಪುಟದ ಇನ್‌ಹೇಲರ್ ಉಲ್ಟಾ ಇತ್ತು, ಹೌದು

ಗಂಗಾವತಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಓದುಗರೊಬ್ಬರು ನಮ್ಮ ಮೇ ಸಂಚಿಕೆಯ ಅಸ್ತಮಾ ಲೇಖನ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನಿಮ್ಮ ಮೇ ಸಂಚಿಕೆಯ ಮುಖಪುಟದಾಗ ಹುಡುಗಿ ಇನ್‌ಹೇಲರ್ ಉಲ್ಟಾ ಹಿಡಕೊಂಡಾಳ. ಒಳಗಿನ ಲೇಖನದಾಗ ‘ಆರೋಗ್ಯ ಸಿಬ್ಬಂದಿ ರೋಗಿಗಳಿಗೆ ಸರಿಯಾದ ವಿಧಾನ ಕಲಿಸಬೇಕು’ ಅಂತ ಬರೆದೀರಿ. ನಮಗ ಯಾರು ಕಲಿಸ್ಯಾರ? ಒಂದು ದಿನದ ತರಬೇತಿಗೆ ಹೋಗಿದ್ದೆ. ಅರವತ್ತು ಮಂದಿ, ಗೋಡಿ ಮ್ಯಾಲೆ ಸ್ಲೈಡು, ಮಧ್ಯಾಹ್ನ ಪಲಾವು, ಸಂಜಿಗೆ ಸರ್ಟಿಫಿಕೇಟು. ಒಂದ ಒಂದು ಇನ್‌ಹೇಲರ್ ಯಾರ ಕೈಗೂ ಬರಲಿಲ್ಲ. ಮುಂದಿನ ವಾರ ರೈಸ್‌ಮಿಲ್ಲಿನ ಹಮಾಲರೊಬ್ಬರು ಬಂದು ‘ಯಮ್ಮಾ, ಈ ಗುಳಿಗಿ ಎರಡು ತಿಂಗಳಿಂದ ನುಂಗಾಕತ್ತೀನಿ, ದಮ್ಮು ಕಡಿಮಿ ಆಗವಲ್ದು’ ಅಂದರು. ನೋಡಿದರ ಅದು ಇನ್‌ಹೇಲರಿಗೆ ಹಾಕೋ ಕ್ಯಾಪ್ಸೂಲು! ತೋರಿಸಾಕ ಹೋದರ ನನ್ನ ಕೈ ನಡುಗಿತು, ಯಾಕಂದರ ಅದನ್ನ ನಾನೂ ಯಾವತ್ತೂ ಮುಟ್ಟಿರಲಿಲ್ಲ. ನಮ್ಮಂಥವರಿಗೆ ಅಸ್ತಮಾದ್ದ ಬ್ಯಾರೆ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡ್ರಿ ಅಂತ ನೀವು ಸರ್ಕಾರಕ್ಕ ಬರೀಬೇಕು. ಮತ್ತ ಮೃಗಶಿರಾ ಮಳಿಗೆ ಮೀನಿನ ಔಷಧಕ್ಕ ಓಡೋ ಮಂದೀನ ಒಂದೀಟು ಬಯ್ರಿ."

ಸಹೋದರಿ,

ಮೊದಲು ಚಿತ್ರದ ಮಾತು ಮುಗಿಸೋಣ. ಡಬ್ಬಿ ಮೇಲೆ, ಬಾಯಿಗಿಡುವ ಕೊಳವೆ ಕೆಳಗೆ ಇರಬೇಕು. ನಮ್ಮ ಹುಡುಗಿ ಡಬ್ಬಿಯನ್ನು ನೆಲದ ಕಡೆ ತಿರುಗಿಸಿ ಹೆಬ್ಬೆರಳಲ್ಲಿ ಒತ್ತುತ್ತಿದ್ದಾಳೆ. ಹಾಗೆ ಹಿಡಿದರೆ ಒಳಗಿನ ವಾಲ್ವಿಗೆ ಔಷಧ ಸರಿಯಾಗಿ ಇಳಿಯುವುದಿಲ್ಲ, ಅಳತೆ ಕೆಡುತ್ತದೆ. ಫೋಟೊ ತೆಗೆದವರು ನೋಡಲಿಲ್ಲ, ಪುಟ ಕಟ್ಟಿದವರು ನೋಡಲಿಲ್ಲ, ಕೊನೆಗೆ ಸಹಿ ಹಾಕಿದ ನಾನೂ ನೋಡಲಿಲ್ಲ. ಲೇಖನದ ಅಂಕಿಗಳನ್ನು ಮಾತ್ರ ಮೂರು ಸಲ ತಾಳೆ ಹಾಕಿದ್ದೆವು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ 26 ಕೋಟಿ 20 ಲಕ್ಷ ಅಸ್ತಮಾ ರೋಗಿಗಳು, 4,55,000 ಸಾವು. ಅಂಕಿ ಸರಿ, ಕೈ ತಪ್ಪು. ಅಲ್ಲಿಗೆ ನಿಮ್ಮ ತರಬೇತಿಗೂ ನಮ್ಮ ಸಂಚಿಕೆಗೂ ಏನೂ ಫರಕು ಉಳಿಯಲಿಲ್ಲ.

ನನಗಂತೂ ಇದು ಹೆಚ್ಚಿನ ನಾಚಿಕೆ. ನಾನು ಸಿರುಗುಪ್ಪದ ಕಡೆಯವನು, ಏಳನೇ ವಯಸ್ಸಿನಿಂದ ದಮ್ಮಿನವನು. ನಮ್ಮಜ್ಜಿ ಅದಕ್ಕೆ ಗೂರಲು ಎನ್ನುತ್ತಿದ್ದಳು. ಹಾಗಾಗಿ ಮೀನಿನ ಔಷಧದವರನ್ನು ಬಯ್ಯಿ ಎಂದರೆ ಬಯ್ಯಲಾರೆ. ಅಪ್ಪ ಮೂರು ವರ್ಷ ಸಾಲಾಗಿ ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದರು. ಹಳದಿ ಮುದ್ದೆ ಬಾಯಲ್ಲಿ ತುಂಬಿದ ಜೀವಂತ ಕೊರಮೀನು ಗಂಟಲಲ್ಲಿ ಇಳಿದದ್ದು ಈಗಲೂ ನೆನಪಿದೆ. ದಮ್ಮು ಹೋಗಲಿಲ್ಲ. ಅದು ಅಸ್ತಮಾ ವಾಸಿ ಮಾಡುತ್ತದೆ ಎನ್ನಲು ಪುರಾವೆಯೂ ಇಲ್ಲ. ಆದರೆ ಒಂದು ಮಾತು ಮರೆತಿಲ್ಲ. ಮೀನು ಹಾಕಿದವರು ನನ್ನ ಗದ್ದ ಎತ್ತಿ, ಬಾಯಿ ತೆರೆಸಿ, ಇಳಿಯಿತೋ ಇಲ್ಲವೋ ಎಂದು ಇಣುಕಿ ನೋಡಿದ್ದರು. ಮುಂದೆ 9 ವರ್ಷ ನಾನು ಇನ್‌ಹೇಲರ್ ತೆಗೆದುಕೊಂಡೆ. ಬರೆದುಕೊಟ್ಟವರು ಮೂರು ಡಾಕ್ಟರು, ಕೊಟ್ಟವರು ಐದಾರು ಔಷಧ ಅಂಗಡಿಯವರು. ಔಷಧ ಇಳಿಯಿತೇ ಎಂದು ಒಬ್ಬರೂ ನೋಡಲಿಲ್ಲ. (ನಿಮ್ಮೂರಿನಿಂದ ಹೋಗುವವರು ಹೋಗಲಿ. ಮೀನು ನುಂಗಿದರೂ ಇನ್‌ಹೇಲರ್ ಬಿಡಬೇಡಿ, ಪಥ್ಯದ ದಿನಗಳಲ್ಲೂ ಬಿಡಬೇಡಿ ಎಂದಷ್ಟು ಹೇಳಿ ಕಳಿಸಿ. ಬಯ್ದರೆ ನಿಮಗೆ ಹೇಳದೆ ಹೋಗುತ್ತಾರೆ, ಅಷ್ಟೆ.)

ನೋಡಿದವರು ಬಳ್ಳಾರಿಯ ಒಬ್ಬ ನರ್ಸಮ್ಮ. ರಾತ್ರಿ ದಮ್ಮು ಹತ್ತಿ, ಔಷಧವನ್ನು ಮಂಜಿನ ಹಾಗೆ ಉಸಿರಿಗೆ ಕೊಡುವ ನೇಬುಲೈಸರ್ ಹಾಕಿಸಿಕೊಂಡು ಬೆಳಿಗ್ಗೆ ಹೊರಟಿದ್ದೆ. "ನನ್ನ ಮುಂದ ಒಂದು ಸಲ ತಗೋರಿ, ನೋಡ್ತೀನಿ" ಎಂದರು. ತೆಗೆದುಕೊಂಡೆ. "ಅಣ್ಣಾರ, ಬಾಯಿಂದ ಹೊಗಿ ಹೊರಗ ಬರಾಕತ್ತೈತಿ. ಔಷಧ ನಿಮಗಲ್ಲ, ಈ ಕೋಣಿಗೆ ಹೊಂಟೈತಿ" ಎಂದು ನಕ್ಕರು. ಆಮೇಲೆ ನನ್ನ ಕೈಯಿಂದ ಇಸಿದುಕೊಂಡು ಕುಲುಕಿದರು, ಕೊಳವೆಯನ್ನು ದೂರ ಹಿಡಿದು ತಾವು ಉಸಿರು ಪೂರ್ತಿ ಹೊರಗೆ ಬಿಟ್ಟು ತೋರಿಸಿದರು. ಮತ್ತೆ ನನ್ನ ಕೈಗೆ ಕೊಟ್ಟರು. ತುಟಿ ಬಿಗಿ, ನಿಧಾನ ಎಳೆಯಲು ಶುರು ಮಾಡುತ್ತಿದ್ದ ಹಾಗೆ ಒಂದು ಒತ್ತು, ಎಳೆಯುತ್ತಲೇ ಇರು, ಬಾಯಿ ಮುಚ್ಚಿ ಹತ್ತು ಎಣಿಸು. ನಾನು ಒತ್ತುವುದು ಮೊದಲಿಂದಲೂ ತಡ: ಉಸಿರು ಎಳೆದು ಮುಗಿದ ಮೇಲೆ ಒತ್ತುತ್ತಿದ್ದೆ. ಮೂರನೇ ಸಲಕ್ಕೆ ಸರಿ ಬಂತು. ಸ್ಟೀರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಮುಕ್ಕಳಿಸದಿದ್ದರೆ ನಾಲಿಗೆ ಮೇಲೆ ಬೂಷ್ಟಿನಂಥ ಬಿಳಿ ಪದರ ಏಳಬಹುದು ಎಂದರು. ಎಲ್ಲ ಸೇರಿ ನಾಲ್ಕೈದು ನಿಮಿಷ. ಆ ವರ್ಷ ಮತ್ತೆ ರಾತ್ರಿ ಆಸ್ಪತ್ರೆಗೆ ಓಡಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 1993ರಲ್ಲಿ ಶುರುವಾದ, ಜಗತ್ತಿನ ಅಸ್ತಮಾ ಮಾರ್ಗಸೂಚಿ ಬರೆಯುವ ‘ಗಿನಾ’ ಸಂಸ್ಥೆ ಹೇಳುವುದು: ರೋಗಿಗಳಲ್ಲಿ ನೂರಕ್ಕೆ 70ರಿಂದ 80ರವರೆಗೂ ಜನರಿಗೆ ಇನ್‌ಹೇಲರ್ ಸರಿಯಾಗಿ ಬಳಸಲು ಬರುವುದಿಲ್ಲ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ: ಆರೋಗ್ಯ ಸಿಬ್ಬಂದಿಯಲ್ಲಿ ಅನೇಕರಿಗೂ ಅದನ್ನು ಸರಿಯಾಗಿ ಮಾಡಿ ತೋರಿಸಲು ಬರುವುದಿಲ್ಲ. ನಿಮ್ಮ ಕೈ ನಡುಗಿದ್ದಕ್ಕೆ ನೀವು ನಾಚಬೇಕಿಲ್ಲ. ನಡುಗಿದ್ದನ್ನು ಬರೆದು ಕಳಿಸಿದ್ದೇ ದೊಡ್ಡದು.

ಆದರೆ ಸರ್ಟಿಫಿಕೇಟ್ ಕೋರ್ಸಿನ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅಮೆರಿಕದಲ್ಲಿ ಅಸ್ತಮಾ ಶಿಕ್ಷಕರಿಗೆಂದೇ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಇವೆ, ಅವರಿಗೆ ಅದು ಒಗ್ಗಿದೆ. ನಮ್ಮಲ್ಲಿ ಸರ್ಟಿಫಿಕೇಟು ಫ್ರೇಮಿಗೆ ಹೋಗುತ್ತದೆ, ಸಿಸ್ಟರ್ ವರ್ಗವಾಗಿ ಬೇರೆ ತಾಲ್ಲೂಕಿಗೆ ಹೋಗುತ್ತಾರೆ. ನನಗೆ ಹಿಡಿಸುವುದು ಫಿನ್ಲೆಂಡಿನವರು ಮಾಡಿದ್ದು. 1994ರಿಂದ 2004ರವರೆಗೆ ಇಡೀ ದೇಶಕ್ಕೆ ಒಂದು ಅಸ್ತಮಾ ಕಾರ್ಯಕ್ರಮ ಹಾಕಿಕೊಂಡರು. ಆರೋಗ್ಯ ಕೇಂದ್ರಗಳಲ್ಲಿ ಅಸ್ತಮಾಕ್ಕೆ ಹೊಣೆಯಾಗಿ ಒಬ್ಬ ಡಾಕ್ಟರು, ಒಬ್ಬ ನರ್ಸು; ಔಷಧ ಅಂಗಡಿಗಳಲ್ಲೂ ಒಬ್ಬರು. ಅವರಿಗೆ ಕಲಿಸಿದರು, ಅವರು ಉಳಿದವರಿಗೆ ಕಲಿಸಿದರು. 1993ರಲ್ಲಿ ಅಸ್ತಮಾ ರೋಗಿಗಳು ಆಸ್ಪತ್ರೆಯಲ್ಲಿ ಕಳೆದ ದಿನಗಳ ಒಟ್ಟು ಸುಮಾರು 1,10,000. 2003ಕ್ಕೆ ಅದು 51,000ಕ್ಕೆ ಇಳಿದಿತ್ತು. ಚಳಿದೇಶದ ಶ್ರೀಮಂತರ ಮಾತು ನಮಗೆ ಯಾಕೆ ಎನ್ನಬಹುದು. ನಾನು ಅಲ್ಲಿಂದ ಎತ್ತಿಕೊಳ್ಳುವುದು ಔಷಧ ಅಂಗಡಿಯನ್ನು ಮಾತ್ರ. ನಿಮ್ಮ ಹಮಾಲರಿಗೆ ಕ್ಯಾಪ್ಸೂಲು ಕೊಟ್ಟವರು ಯಾರು ಎಂದು ಕೇಳಿದಿರಾ? ಕ್ಯಾಪ್ಸೂಲು ಅಂಗಡಿಯಲ್ಲಿ ಸಿಗುತ್ತದೆ, ಅದರೊಳಗಿನ ಪುಡಿಯನ್ನು ಉಸಿರಲ್ಲಿ ಎಳೆಯುವ ಸಾಧನಕ್ಕೆ ಬೇರೆ ದುಡ್ಡು. ಗುಳಿಗೆಯ ಹಾಗೆ ಕಂಡದ್ದನ್ನು ಗುಳಿಗೆಯ ಹಾಗೆ ನುಂಗಿದರು. ತಪ್ಪು ಅವರದಲ್ಲ. ಇನ್ನೂ ಒಂದು ಗೊಂದಲ ನೆನಪಿಡಿ: ಪುಡಿಯ ಸಾಧನಕ್ಕೆ ಉಸಿರನ್ನು ಜೋರಾಗಿ, ಆಳವಾಗಿ ಎಳೆಯಬೇಕು; ಒತ್ತುವ ಗಾಳಿಡಬ್ಬಿಯದಕ್ಕೆ ನಿಧಾನ. ಎರಡನ್ನೂ ಒಂದೇ ಸ್ಲೈಡಿನಲ್ಲಿ ತೋರಿಸಿದರೆ ಎರಡೂ ಕೆಡುತ್ತವೆ.

ಅಂಗಡಿಯವರಿಗೆ ಇನ್ನೊಂದು ವಿಷಯ ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತದೆ. ಸಾಲ್ಬುಟಮಾಲ್, ಅಂದರೆ ಕೂಡಲೇ ದಮ್ಮು ಬಿಡಿಸುವ ಪಂಪು, ಒಂದರಲ್ಲಿ ಸಾಮಾನ್ಯವಾಗಿ 200 ಒತ್ತು ಇರುತ್ತದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಖಾಲಿಯಾದರೆ ದಮ್ಮು ಜೋರಾಗಿ ಏಳುವ ಅಪಾಯ ಹೆಚ್ಚು. ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೇ ಹೆಚ್ಚುತ್ತದೆ. ತಿಂಗಳಿಗೊಂದು ಒಯ್ಯುವ ಗಿರಾಕಿಯನ್ನು ಅಂಗಡಿಯವರು ಒಳ್ಳೆ ಗಿರಾಕಿ ಎಂದುಕೊಂಡಿರುತ್ತಾರೆ. ಆ ಪಂಪು ಉಸಿರುನಾಳ ತೆರೆಯುತ್ತದೆ, ಒಳಗಿನ ಬಾವು ಇಳಿಸುವುದಿಲ್ಲ. ಅದಕ್ಕೇ 2019ರಿಂದ ಗಿನಾ, ಹದಿಹರೆಯದವರಿಗೂ ದೊಡ್ಡವರಿಗೂ ಅದೊಂದನ್ನೇ ಕೊಟ್ಟು ಬಿಡಬೇಡಿ, ಉಸಿರಿನ ಜೊತೆ ಹೋಗುವ ಸ್ಟೀರಾಯ್ಡ್ ಜೊತೆಗಿರಲೇಬೇಕು ಎನ್ನುತ್ತಿದೆ. ಕಲಿಸುವಾಗ ಬಣ್ಣದ ಮೇಲೆ ಕಲಿಸಬೇಡಿ. ಕಂಪನಿ ಬದಲಾದರೆ ಬಣ್ಣ ಬದಲಾದೀತು. ಹೆಸರಿನ ಮೇಲೆ ಕಲಿಸಿ.

ಸ್ಟೀರಾಯ್ಡ್ ಅಂದ ಕೂಡಲೇ ಹೌಹಾರುತ್ತಾರೆ, ಪಂಪು ಹಚ್ಚಿದರ ಚಟ ಬೀಳತೈತಿ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಒಂದು ಲೆಕ್ಕವಿದೆ. ಪಂಪಿನ ಸ್ಟೀರಾಯ್ಡ್ ಬುಡೆಸೊನೈಡ್ ಒಂದು ಒತ್ತಿನಲ್ಲಿ 200 ಮೈಕ್ರೋಗ್ರಾಂ. ದಮ್ಮು ಹತ್ತಿದಾಗಲೆಲ್ಲ ನುಂಗುವ ಸ್ಟೀರಾಯ್ಡ್, ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ ಗುಳಿಗೆ ಒಂದೇ ಇದ್ದರೂ, ತೂಕದಲ್ಲಿ ಅದು 50 ಒತ್ತಿಗೆ ಸಮ. ಔಷಧದ ಬಲ ಬೇರೆ ಬೇರೆ ಇರುತ್ತದೆ, ನಿಜ. ಆದರೆ ಗುಳಿಗೆಯದು ಮೈತುಂಬ ಓಡಾಡುತ್ತದೆ, ಪಂಪಿನದು ಬಹುಪಾಲು ಕೆಲಸವನ್ನು ಉಸಿರುನಾಳದಲ್ಲೇ ಮುಗಿಸುತ್ತದೆ. ರೈಸ್‌ಮಿಲ್ಲಿನವರಿಗೆ ತೂಕದ ಮಾತು ಬೇಗ ಹತ್ತುತ್ತದೆ, ಪ್ರಯೋಗ ಮಾಡಿ ನೋಡಿ.

ಇನ್ನು ಮಾಡುವುದೇನು? ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಕೇಳಿ. ಸ್ಲೈಡು ಬೇಡ. ಖಾಲಿ ಡಬ್ಬಿಗಳನ್ನು ಎಸೆಯದೆ ಕೂಡಿಡಿ, ಕೊಳವೆ ತೊಳೆದು ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಒಬ್ಬರು ಮಾಡಲಿ, ಪಕ್ಕದವರು ತಪ್ಪು ಹೇಳಲಿ. ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಏಕೆಂದರೆ ಕಲಿತದ್ದು ಮರೆಯುತ್ತದೆ. ರೋಗಿಗೂ ಅಷ್ಟೇ, ಬಂದಾಗಲೆಲ್ಲ "ನನ್ನ ಮುಂದ ತಗೋರಿ" ಅನ್ನಬೇಕು. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕೊಪ್ಪಳದಿಂದ ಎದೆರೋಗ ಬಲ್ಲವರೊಬ್ಬರು ಬಸ್ಸು ಹತ್ತಿ ಬಂದರೂ ಸಾಕು. ಸರ್ಕಾರಕ್ಕೆ ನಾನು ಬರೆಯುವುದೂ ಇದನ್ನೇ, ಜೊತೆಗೆ ಉಪಕೇಂದ್ರಕ್ಕೆ ಎರಡು ಸ್ಪೇಸರ್, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಪೊಳ್ಳು ಕೊಳವೆ, ಕೊಡಿ ಎಂದು.

ಸ್ಪೇಸರ್ ಬರುವವರೆಗೆ ಕಾಯಬೇಕಿಲ್ಲ. ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಇನ್‌ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸಂದು ಮುಚ್ಚಿ. ಬಾಟಲಿಯ ಬಾಯಿ ರೋಗಿಯ ಬಾಯಿಗೆ. 1999ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು ದಮ್ಮು ಹತ್ತಿದ ಮಕ್ಕಳ ಮೇಲೆ ಪರೀಕ್ಷಿಸಿ, ಇಂಥ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ, ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಸೆಳೆತ ಬಂದು ಔಷಧ ಗೋಡೆಗೇ ಅಂಟುತ್ತದೆ. ಪೂರ್ತಿ ಒಂದು ವಾಕ್ಯ ಆಡಲಾರದಷ್ಟು ದಮ್ಮು ಹತ್ತಿದವರು ಬಂದರೆ 108ಕ್ಕೆ ಫೋನು ಮಾಡಿಸುತ್ತಲೇ ಇದರಲ್ಲಿ ಸಾಲ್ಬುಟಮಾಲ್ ನಾಲ್ಕರಿಂದ ಹತ್ತು ಒತ್ತು, ಒಂದೊಂದಾಗಿ. ಮೊದಲ ಒಂದು ಗಂಟೆ ಪ್ರತಿ 20 ನಿಮಿಷಕ್ಕೊಮ್ಮೆ. ಏದುಸಿರು ಇದ್ದೂ ಸುಂಯ್ ಸುಂಯ್ ಸದ್ದು ನಿಂತುಹೋದರೆ ವಾಸಿಯಾಯಿತು ಅಂದುಕೊಳ್ಳಬೇಡಿ, ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ.

ಆಶಾ ಅಕ್ಕಂದಿರು ಮನೆಮನೆಗೆ ಒಯ್ಯುವ ಪಟ್ಟಿಯಲ್ಲಿ ಉಸಿರಾಟದ ತೊಂದರೆ, ಅಡುಗೆಯ ಉರುವಲು ಎರಡರ ಪ್ರಶ್ನೆಯೂ ಇದೆ. ಆದರೆ ಆ ಪಟ್ಟಿ 30 ದಾಟಿದವರಿಗೆ. ಅಸ್ತಮಾ ಹೆಚ್ಚಾಗಿ ಶುರುವಾಗುವುದು ಮಕ್ಕಳಲ್ಲಿ. ಭತ್ತದ ಸುಗ್ಗಿಯಲ್ಲಿ, ಹೊಟ್ಟಿನ ಬೂದಿ ಹಾರುವಾಗ, ಬಳ್ಳಾರಿ ಜಾಲಿ ಹೂ ಬಿಟ್ಟಾಗ ರಾತ್ರಿ ಕೆಮ್ಮುವ ಮಗುವಿನ ಬಗ್ಗೆಯೂ ಕೇಳಿಕೊಂಡು ಬನ್ನಿ ಎಂದು ಅವರಿಗೆ ಬಾಯಿಮಾತಲ್ಲೇ ಹೇಳಿ. ಹೆಣ್ಣುಮಗುವಾದರೆ ತಾಯಿ ‘ಅಲರ್ಜಿ ಕೆಮ್ಮು ಅಂತ ಬರೀರಿ’ ಅನ್ನುತ್ತಾಳೆ, ಅವಳ ಕಷ್ಟ ಅರ್ಥವಾಗುತ್ತದೆ. ಚೀಟಿಯಲ್ಲಿ ಮಾತ್ರ ಅಸ್ತಮಾ ಎಂದೇ ಬರೆಯಿರಿ.

ಹೊಸ ಚಿತ್ರ ಇದರ ಜೊತೆ ಕಳಿಸುತ್ತಿದ್ದೇನೆ. ಈ ಸಲ ಹುಡುಗಿ ಡಬ್ಬಿ ನೆಟ್ಟಗೆ ಹಿಡಿದಿದ್ದಾಳೆ, ಆದರೆ ತುಟಿ ಬಿಗಿಯಾಗಿದೆಯೋ ಇಲ್ಲವೋ ನನಗೆ ಅನುಮಾನ. ಕೆಂಪು ಪೆನ್ನಿನಲ್ಲಿ ತಿದ್ದಿ, ಹತ್ತನೇ ತಾರೀಕಿನೊಳಗೆ ಮುಟ್ಟುವ ಹಾಗೆ ಕಳಿಸಿ. ಹನ್ನೆರಡಕ್ಕೆ ಅಚ್ಚಿಗೆ ಹೋಗುತ್ತದೆ.

ಸಂಪಾದಕ