ಕೌದಿ ಅಂಚು ಸುಕ್ಕಾಗಿದೆ, ಬಿಚ್ಚಬೇಕಾ?

ಪ್ರಶ್ನೆ: ಅಕ್ಕಾ, ಮೊದಲ್ನೇ ಸಲ ಕೌದಿ ಹೊಲ್ದೆ, 60 ಇಂಚು ಅಗಲ 80 ಇಂಚು ಉದ್ದ. ನಡುವಿನ ಹೊಲಿಗೆ ಚೆನ್ನಾಗೇ ಬಂತು, ಆದ್ರೆ ಸುತ್ತ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆ ಪಟ್ಟಿ) ಕೊಟ್ಟಮೇಲೆ ಅಂಚು ಸುಕ್ಕಾಗಿ ಒಳಗೆ ಎಳ್ಕೊಂಡಿದೆ, ಹಾಸಿದ್ರೆ ನಡುಭಾಗ ಉಬ್ಬುತ್ತೆ. ಮೂಲೆಗಳಂತೂ ಗಂಟು ಗಂಟು. ಏನ್ ಮಾಡ್ಲಿ?

ಉತ್ತರ: ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ. ಬೇಜಾರಾಗ್ಬೇಡಿ, ನಾನೂ ಎಷ್ಟೋ ಸಲ ಬಿಚ್ಚಿದೀನಿ.

ತೊಂದರೆ ಇರೋದು ಆ ಕ್ರಾಸ್ ಪಟ್ಟಿಲೇ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುತ್ತೆ, ಹೊಲಿಯುವಾಗ ಗೊತ್ತಿಲ್ದೆ ಎಳೆದಿರ್ತೀವಿ, ಆಮೇಲೆ ಅದು ಮತ್ತೆ ಕುಗ್ಗಿ ಕೌದಿನೂ ಜೊತೆಗೆ ಎಳ್ಕೊಳುತ್ತೆ. ದುಂಡಗಿನ ಅಂಚಿದ್ರೆ ಮಾತ್ರ ಕ್ರಾಸ್ ಬೇಕು, ನಿಮ್ದು ನೇರ ಅಂಚು, ನೇರ ಪಟ್ಟಿ ಸಾಕು. ಸುತ್ತಳತೆ 280 ಇಂಚು, ಮಡಚೋಕೆ ಸೇರ್ಸೋಕೆ ಅಂತ ಇನ್ನೊಂದು 12 ಇಂಚು ಇಟ್ಕೊಳಿ. 44 ಇಂಚು ಪನ್ನದ (ಅಂದ್ರೆ ಅಗಲದ) ಕಾಟನ್‌ನಲ್ಲಿ ಎರಡೂವರೆ ಇಂಚಿನ 8 ಪಟ್ಟಿ ಬರೋ ಹಾಗೆ ಅಡ್ಡಕ್ಕೆ ಕತ್ತರಿಸಿ, ಗಾಢ ಬಣ್ಣ ಆದ್ರೆ ಮೊದಲೇ ಒಗೆದುಬಿಡಿ, ಬಣ್ಣ ಬಿಟ್ರೆ ಕೌದಿ ಹಾಳು. ಪಟ್ಟಿಗಳನ್ನ ಓರೆ ಹೊಲಿಗೆ ಹಾಕಿ ಸೇರ್ಸಿ, ನೇರವಾಗಿ ಸೇರ್ಸಿದ್ರೆ ಅಷ್ಟೂ ಬಟ್ಟೆ ಒಂದೇ ಕಡೆ ಸೇರಿ ದಪ್ಪ ಆಗುತ್ತೆ. ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ.

ಒಂದು ಬದಿಯ ಮಧ್ಯದಿಂದ ಶುರು ಮಾಡಿ, ಮೂಲೆಯಿಂದ ಖಂಡಿತ ಬೇಡ. ಪಟ್ಟಿಯ ತುದಿ 8-10 ಇಂಚು ಹಾಗೇ ಬಿಟ್ಟಿರಿ, ಸುತ್ತಿ ಬಂದಮೇಲೆ ಸೇರ್ಸೋಕೆ ಬೇಕು. ಪಟ್ಟಿನ ಕೌದಿಯ ಮುಂಭಾಗದ ಮೇಲಿಟ್ಟು, ಅದರ ಕಚ್ಚಾ ಅಂಚು (ಮಡಿಕೆ ಇಲ್ದಿರೋ ಕಡೆ) ಕೌದಿ ಅಂಚಿಗೆ ಸಮ ಇರ್ಲಿ, ಕಾಲಿಂಚು ಬಿಟ್ಟು ಹೊಲಿಗೆ. ಪಟ್ಟಿನ ಎಳೀಬೇಡಿ, ಮೆಷಿನ್ ಎಳ್ಕೊಂಡಷ್ಟು ಬಿಡಿ.

ಈಗ ಮೂಲೆ. ನೀವು ಬಹುಶಃ ತುದಿವರೆಗೂ ಹೊಲ್ದಿದೀರ. ಕಾಲಿಂಚು ಉಳಿದಿರುವಾಗಲೇ ನಿಲ್ಸಿ ದಾರ ಕತ್ತರಿಸಿ, ಪಟ್ಟಿನ ಓರೆಯಾಗಿ ಮೇಲಕ್ಕೆ ಮಡಚಿ, ಆಮೇಲೆ ನೇರ ಕೆಳಕ್ಕೆ ಇಳಿಸಿ, ಮಡಿಕೆ ಕೌದಿಯ ಮೇಲಂಚಿಗೆ (ಈಗಷ್ಟೇ ಹೊಲಿದ ಬದಿಯ ಅಂಚಿಗೆ) ಸಮ ಇರ್ಬೇಕು, ಅಲ್ಲಿಂದ ಹೊಸ ಬದಿ ಶುರು. ಮೊದಲು ಬೇಡದ ತುಂಡಲ್ಲಿ ಒಂದು ಮೂಲೆ ಮಾಡಿ ನೋಡಿ, ಬರವಣಿಗೆಲಿ ಇದು ಎಷ್ಟು ಹೇಳಿದ್ರೂ ಕೈಗೆ ಬಂದಾಗ್ಲೇ ಅರ್ಥ ಆಗೋದು.

ಆಮೇಲೆ ಪಟ್ಟಿನ ಹಿಂದಕ್ಕೆ ತಿರುಗಿಸಿ, ಮೆಷಿನ್ ಹೊಲಿಗೆ ಮುಚ್ಚೋ ಹಾಗೆ ಕೈಯಲ್ಲೇ ಹೆಮ್ಮಿಂಗ್ ಮಾಡಿ. ಮೆಷಿನ್‌ನಲ್ಲೂ ಆಗುತ್ತೆ, ಬೇಗನೂ ಆಗುತ್ತೆ, ಆದ್ರೆ ನಂಗೆ ಕೈಹೊಲಿಗೆನೇ ಇಷ್ಟ, ಮುಂದೆ ಒಂದು ಹೊಲಿಗೆನೂ ಕಾಣಲ್ಲ.