ಒಬ್ಬ ಡಾಕ್ಟರ್ ಫಿಟ್ಸ್ ಅಂತಾರೆ, ಒಬ್ಬರು ಟೆನ್ಷನ್ ಅಂತಾರೆ, ಇನ್ನೊಬ್ಬರು ಫಂಕ್ಷನಲ್ ಸೀಜರ್ (ಫಿಟ್ಸಿನಂತೆ ಕಂಡರೂ ಮೆದುಳಿನಲ್ಲಿ ಫಿಟ್ಸಿನ ವಿದ್ಯುತ್ ಏರುಪೇರು ಇಲ್ಲದ ಅಟ್ಯಾಕ್) ಅಂತಾರೆ. ತಂಗಿಯ ವಿಷಯದಲ್ಲಿ ಯಾರನ್ನು ನಂಬಲಿ ಅಂತ ಕೇಳಿದ್ದೀರಿ.

ನನ್ನ ಹೆಂಡತಿಗೂ ಇದೇ ಕತೆ ಆಗಿತ್ತು. ನಾನು ಡಾಕ್ಟರಲ್ಲ, ನಾಲ್ಕು ವರ್ಷ ಫೈಲು ಹಿಡಿದು ಓಡಾಡಿದವನು ಅಷ್ಟೇ.

ಮೊದಲ ಎರಡು ವರ್ಷ ಫಿಟ್ಸ್ ಮಾತ್ರೆ. ಡೋಸ್ ಏರುತ್ತಾ ಹೋಯಿತು, ಅವಳು ಹಗಲೆಲ್ಲ ತೂಕಡಿಸುತ್ತಿದ್ದಳು, ಅಟ್ಯಾಕ್ ಮಾತ್ರ ನಿಲ್ಲಲಿಲ್ಲ. ಒಬ್ಬ ಡ್ಯೂಟಿ ಡಾಕ್ಟರ್ ಅಂತೂ ಅವಳ ಎದುರಿಗೇ "ನಾಟಕ" ಅಂದರು. ಬೇಕಂತಲೇ ಯಾರು ಹೀಗೆ ಬಿದ್ದು ಮೈಕೈ ಗಾಯ ಮಾಡ್ಕೋತಾರೆ ಹೇಳಿ?

ದಾರಿ ಸಿಕ್ಕಿದ್ದು ಮೊಬೈಲ್ ವಿಡಿಯೋದಿಂದ. ಒಬ್ಬ ನರರೋಗ ತಜ್ಞೆ ಅದನ್ನು ಮೂರು ಸಲ ನೋಡಿ, "ಕಣ್ಣು ಗಮನಿಸಿ" ಅಂದರು. ಬಿಗಿಯಾಗಿ ಮುಚ್ಚಿತ್ತು. ತಲೆ ಅತ್ತಿಂದಿತ್ತ ಹೊರಳುತ್ತಿತ್ತು. ಆರು ನಿಮಿಷ, ನಡುವೆ ನಿಂತು ಮತ್ತೆ ಶುರು. ಮೂರ್ಛೆರೋಗದ ಅಟ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಹೆಚ್ಚಿನವು 2 ನಿಮಿಷದೊಳಗೆ ಮುಗಿಯುತ್ತವೆ. ಹಾಗಂತ ಅಷ್ಟಕ್ಕೇ ಅವರು ತೀರ್ಮಾನಕ್ಕೆ ಬರಲಿಲ್ಲ. ವಿಡಿಯೋ ಇಇಜಿ, ಅಂದರೆ ವಿಡಿಯೋ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ, ಮಾಡಿಸಿದರು. ಎರಡನೇ ದಿನ ಅಟ್ಯಾಕ್ ಬಂತು. ಮೈಯೆಲ್ಲ ಅದುರುತ್ತಿತ್ತು, ಇಇಜಿಯಲ್ಲಿ ಮಾತ್ರ ಫಿಟ್ಸಿನ ಗುರುತೇ ಇರಲಿಲ್ಲ.

ಇಂಥ ರೆಕಾರ್ಡಿಂಗ್ ಕೈಯಲ್ಲಿದ್ದರೆ, ಇದು ಫಂಕ್ಷನಲ್ ಸೀಜರ್ ಅನ್ನುವುದಕ್ಕೆ ಡಾಕ್ಟರುಗಳ ನಡುವೆ ಜಗಳ ಅಷ್ಟಿಲ್ಲ. ಜಗಳ ಇರುವುದು ಯಾಕೆ ಬರುತ್ತದೆ ಅನ್ನುವುದಕ್ಕೆ. ಪ್ಯಾರಿಸ್‌ನ ನರರೋಗ ತಜ್ಞ ಶಾರ್ಕೋ 19ನೇ ಶತಮಾನದಲ್ಲಿ ಇಂಥವರನ್ನು ಹಿಸ್ಟೀರಿಯಾ ಅಂತ ನೋಡಿದರು. ಆಮೇಲೆ ಬಂದವರು ಮನಸ್ಸಿನಲ್ಲಿ ಅದುಮಿಟ್ಟ ನೋವನ್ನೇ ಹುಡುಕಿದರು. ಈಗ ಬಹಳ ಜನ, ಮೆದುಳಿನ ಭಾಗಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದರಲ್ಲೇ ಏನೋ ತೊಡಕಿದೆ ಅನ್ನುತ್ತಾರೆ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ಕೈಪಿಡಿ, ಈ ಕಾಯಿಲೆ ಅನ್ನಲು ಮಾನಸಿಕ ಒತ್ತಡ ಇರಲೇಬೇಕು ಅನ್ನುವ ಷರತ್ತನ್ನೇ ಬಿಟ್ಟಿತು. ನನ್ನ ಹೆಂಡತಿಗೆ ಇದು ದೊಡ್ಡ ಸಮಾಧಾನ. "ಬಾಲ್ಯದಲ್ಲಿ ಏನಾಯ್ತು?" ಅಂತ ಕೇಳಿಸಿಕೊಂಡು ಅವಳಿಗೆ ಸಾಕಾಗಿತ್ತು.

ಚಿಕಿತ್ಸೆಯಲ್ಲೂ ಒಮ್ಮತ ಇಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ 368 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪಡೆದವರನ್ನು ಪಡೆಯದವರ ಜೊತೆ ಒಂದು ವರ್ಷದ ಹೊತ್ತಿಗೆ ಹೋಲಿಸಿ ನೋಡಿದರೆ, ಅಟ್ಯಾಕ್‌ಗಳ ಸಂಖ್ಯೆಯಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ, ಆದರೆ ದಿನನಿತ್ಯದ ಬದುಕು ಸುಧಾರಿಸಿತ್ತು. ಅದನ್ನೇ ಓದಿ ಒಬ್ಬರು ಸೋತಿತು ಅಂತಾರೆ, ಇನ್ನೊಬ್ಬರು ಗೆದ್ದಿತು ಅಂತಾರೆ! ನಮ್ಮ ಮನೆಯಲ್ಲಿ ಆದದ್ದೂ ಹಾಗೇ. ಈಗಲೂ ತಿಂಗಳಿಗೊಂದು ಬರುತ್ತದೆ, ಆದರೆ ಅವಳು ಮತ್ತೆ ಒಬ್ಬಳೇ ಹೊರಗೆ ಹೋಗುತ್ತಾಳೆ.

ಒಂದು ಮಾತು. ಕೆಲವರಿಗೆ ಫಿಟ್ಸ್, ಫಂಕ್ಷನಲ್ ಸೀಜರ್ ಎರಡೂ ಇರುತ್ತವೆ, ಹಾಗಾಗಿ ತಂಗಿಯ ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೂವರು ಡಾಕ್ಟರಿಗೂ ಒಂದೇ ಪ್ರಶ್ನೆ ಕೇಳಿ: "ಏನು ನೋಡಿ ಹೀಗೆ ಹೇಳಿದಿರಿ?" ಮತ್ತೆ ಅಟ್ಯಾಕ್ ಬಂದರೆ, ಅವಳಿಗೆ ಪೆಟ್ಟಾಗದಂತೆ ನೋಡಿಕೊಂಡು ವಿಡಿಯೋ ತೆಗೆಯಿರಿ, ಮುಖ ಕಾಣುವ ಹಾಗೆ.