ಅಂಗಳದಲ್ಲಿ ತಿರುಗುವವರು ಯಾರು?

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ. ಮಗುವಾಗಿದ್ದಾಗ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಮಾತು ಮೂಗಿನಲ್ಲಿ ಬರುತ್ತದೆ, ಓದಿನಲ್ಲಿ ಹಿಂದೆ. ರಕ್ತ ಪರೀಕ್ಷೆಯಲ್ಲಿ 22ಕ್ಯೂ11.2 ಡಿಲೀಷನ್ ಸಿಂಡ್ರೋಮ್ ಎಂದು ಗೊತ್ತಾಯಿತು. ಇಂಥವರಿಗೆ ಮುಂದೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬರಬಹುದೆಂದು ಮೊಬೈಲಿನಲ್ಲಿ ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಅಲ್ಲಿದ್ದ ಪ್ರಶ್ನೆಗಳನ್ನೇ ಅವನಿಗೆ ಕೇಳಿದೆ. ‘ಬೇರೆಯವರಿಗೆ ಕೇಳಿಸದ ದನಿ ನಿನಗೆ ಕೇಳಿಸುತ್ತದೆಯೇ?’ ಎಂದರೆ ಹೌದು ಎಂದ. ‘ಯಾರಾದರೂ ನಿನಗೆ ಕೇಡು ಬಗೆಯುತ್ತಿದ್ದಾರೆಯೇ?’ ಎಂದರೆ ಅದಕ್ಕೂ ಹೌದು. ಕಾಯಿಲೆ ಶುರುವಾಗಿದೆಯೇ ಡಾಕ್ಟರೇ?
– ಒಬ್ಬ ತಾಯಿ, ಸಿದ್ದಾಪುರ, ಕೊಡಗು

ಉತ್ತರ: ಅಮ್ಮಾ, ಆ ಎರಡು ‘ಹೌದು’ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಉದ್ದದ ಪ್ರಶ್ನೆ ಪೂರ್ತಿ ತಲೆಗೆ ಹೋಗದಿದ್ದಾಗ, ಎದುರಿಗೆ ಅಮ್ಮ ಅಳುಮುಖ ಮಾಡಿಕೊಂಡು ಕುಳಿತಿರುವಾಗ, ಹೌದು ಎಂದುಬಿಡುವುದೇ ಹುಡುಗನಿಗೆ ಸುಲಭ.

ಹಾಗೆಂದು ನಿಮ್ಮ ಭಯ ಹುರುಳಿಲ್ಲದ್ದಲ್ಲ. 22ನೇ ವರ್ಣತಂತುವಿನ ಒಂದು ಸಣ್ಣ ತುಣುಕು ಇಲ್ಲದೆ ಹುಟ್ಟುವ ಇವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾಗುವಷ್ಟರಲ್ಲಿ ಇಂಥ ಮನೋರೋಗ ಕಾಣಿಸಿಕೊಳ್ಳುತ್ತದೆ. ಉಳಿದ ಮೂವರಿಗೆ ಬರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮೊಬೈಲು ಅದನ್ನು ಹೇಳುವುದಿಲ್ಲ.

ನಾನೇ ಎಡವಿದ ಒಂದು ಪ್ರಸಂಗ ಕೇಳಿ. ಇದೇ ಸಿಂಡ್ರೋಮ್ ಇದ್ದ ಹುಡುಗಿಯೊಬ್ಬಳು ನನ್ನ ಎದುರು ಕುಳಿತಿದ್ದಳು. ಸೀಳಂಗುಳ ಹೊಲಿದಿದ್ದರೂ ಮಾತು ಅಸ್ಪಷ್ಟ. ‘ರಾತ್ರಿ ಮನೆ ಸುತ್ತ ತಿರುಗುತ್ತಾನೆ, ನಮ್ಮನ್ನು ಕೊಲ್ಲುತ್ತಾನೆ’ ಎಂದಳು. ಯಾರು ಎಂದೆ. ‘ಅವನೇ’ ಎಂದಂತೆ ಕೇಳಿಸಿತು. ಈ ಲಕ್ಷಣಗಳನ್ನು ಅಳೆಯಲು ಸಿಪ್ಸ್ ಎಂಬ ಸಂದರ್ಶನ ಕ್ರಮವಿದೆ. ಒಂದೊಂದು ಲಕ್ಷಣಕ್ಕೂ 0ಯಿಂದ 6ರವರೆಗೆ ಅಂಕ. 3ರಿಂದ 5 ಎಂದರೆ ಎಚ್ಚರದ ವಲಯ, 6 ಎಂದರೆ ಕಾಯಿಲೆಯೇ. ಸಂಶಯದ ಸಾಲಿನಲ್ಲಿ ನಾನು 4 ಬರೆದೆ. ಪಕ್ಕದಲ್ಲೇ ಕುಳಿತು ಅದೇ ಮಾತು ಕೇಳಿದ ಕಿರಿಯ ವೈದ್ಯೆ 1 ಬರೆದಿದ್ದಳು. ಅವಳಿಗೆ ಕೇಳಿಸಿದ್ದು ‘ಆನೆ’. ಹಲಸು ಹಣ್ಣಾಗುವ ಕಾಲ; ತೋಟದಲ್ಲಿರುವ ಆ ಹುಡುಗಿಯ ಲೈನ್ ಮನೆಯ ಹಿಂದೆಯೇ ಮರ, ಹಣ್ಣಿಗೆ ಆನೆ ಬರುತ್ತದೆ. ಸಿದ್ದಾಪುರದವರಾದ ನಿಮಗೆ ಇನ್ನು ವಿವರಿಸಬೇಕಿಲ್ಲ!

ಅಂದಿನಿಂದ ಇಂಥ ಮಕ್ಕಳಿಗೆ ಒಬ್ಬನೇ ಅಂಕ ಹಾಕುವುದನ್ನು ಬಿಟ್ಟಿದ್ದೇನೆ. ಇಬ್ಬರು ಬೇರೆಬೇರೆಯಾಗಿ ಬರೆದು, ಆಮೇಲೆ ತಾಳೆ ನೋಡುತ್ತೇವೆ. ಎರಡು ಅಂಕದ ಅಂತರ ಬಂದರೆ ಪ್ರಶ್ನೆಯನ್ನೇ ಬದಲಿಸಿ ಮತ್ತೆ ಕೇಳುತ್ತೇವೆ. ಹುಡುಗನನ್ನು ಒಮ್ಮೆ, ಮನೆಯವರನ್ನು ಇನ್ನೊಮ್ಮೆ, ಪ್ರತ್ಯೇಕವಾಗಿ.

‘ದನಿ ಕೇಳಿಸುತ್ತದೆಯೇ’ ಎಂದು ನಿಲ್ಲಿಸಬಾರದು. ಕೊನೆಯ ಸಲ ಯಾವಾಗ? ಎಲ್ಲಿದ್ದೆ? ಏನು ಹೇಳಿತು? ನಿದ್ದೆ ಹತ್ತುವ ಹೊತ್ತಿನಲ್ಲೋ, ಹಾಡುಹಗಲಲ್ಲೋ? ಕೇಳಿ ನೀನೇನು ಮಾಡಿದೆ? ನಿದ್ದೆಗಣ್ಣಿನಲ್ಲಿ ಹೆಸರು ಕರೆದಂತಾಗುವುದು ನನಗೂ ಆಗುತ್ತದೆ. ‘ಮನಸ್ಸಿನ ಆಟವಿರಬಹುದು’ ಎನ್ನುವವನಿಗೂ ‘ಇಲ್ಲ, ನಿಜವೇ’ ಎಂದು ಹಟ ಹಿಡಿಯುವವನಿಗೂ ಬಹಳ ವ್ಯತ್ಯಾಸವಿದೆ. ಮನೆತನದ ಮೂಲಪುರುಷ ಗುರುಕಾರಣ ನೋಡುತ್ತಿದ್ದಾನೆ ಎಂದರೆ ಅದು ಮನೆಮಂದಿಯೆಲ್ಲ ನಂಬುವ ಮಾತು, ಅದಕ್ಕೆ ಅಂಕವಿಲ್ಲ. ಗುರುಕಾರಣ ನನಗೊಬ್ಬನಿಗೇ ದಿನವೂ ಆಜ್ಞೆ ಕೊಡುತ್ತಾನೆ ಎಂದರೆ ಪೆನ್ನು ಎತ್ತಿಕೊಳ್ಳುತ್ತೇನೆ.

ಇನ್ನು ಮಂಕಾದ ಮುಖ, ಗೆಳೆಯರಿಲ್ಲದಿರುವುದು, ತೊದಲು. ಇವು ಹುಟ್ಟಿನಿಂದಲೇ ಇದ್ದರೆ ಅದು ಅವನ ಸ್ವಭಾವ. ಆದ್ದರಿಂದ ಅವನನ್ನು ಪಕ್ಕದ ಮನೆಯ ಹುಡುಗನ ಜೊತೆಗಲ್ಲ, ಕಳೆದ ವರ್ಷದ ಅವನ ಜೊತೆಗೇ ಹೋಲಿಸಿ. ಹೋದ ಹುತ್ತರಿಯಲ್ಲಿ ಕದಿರು ತರಲು ಎಲ್ಲರೊಂದಿಗೆ ಗದ್ದೆಗೆ ಇಳಿದವನು ಈ ಸಲ ಕೋಣೆಯಿಂದ ಹೊರಬರಲಿಲ್ಲವೇ? ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುತ್ತಿದ್ದವನಿಗೆ ಈಗ ಲೆಕ್ಕ ತಪ್ಪುತ್ತಿದೆಯೇ? ಸ್ನಾನ ಬಿಟ್ಟನೇ? ಮುಂದೆ ಕಾಯಿಲೆ ಬೀಳುವವರಲ್ಲಿ ಅದಕ್ಕೆ ಮೊದಲೇ ಮಾತಿನ ಬುದ್ಧಿಶಕ್ತಿ ಇಳಿಯುವುದುಂಟು. ಹಳೆಯ ಶಾಲಾ ವರದಿಗಳನ್ನು ಎಸೆಯಬೇಡಿ.

ಕ್ಯಾಲ್ಸಿಯಂ ಪರೀಕ್ಷೆ ಈ ವಾರವೇ ಆಗಲಿ. ಈ ಸಿಂಡ್ರೋಮಿನಲ್ಲಿ ಅದು ಕುಸಿಯುವುದು ಸಾಮಾನ್ಯ. ಕುಸಿದರೆ ಗಾಬರಿ, ಗೊಂದಲ, ಫಿಟ್ಸ್ ಕೂಡ ಬರಬಹುದು. ನೋಡುವವರಿಗೆ ಮನೋರೋಗದಂತೆಯೇ ಕಾಣುತ್ತದೆ.

ಆಮೇಲೆ ಮಡಿಕೇರಿಯಲ್ಲಿ ಮನೋವೈದ್ಯರಿಗೆ ತೋರಿಸಿ. ಅವರು ಬೇಕೆಂದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಅವನು ಊಟ ನಿದ್ದೆ ಬಿಟ್ಟರೆ, ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಮಾತು ಆಡಿದರೆ, ಒಂದು ದಿನವೂ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಏನೂ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಹೋಗುವಾಗ ಹೃದಯದ ಫೈಲು, ಜೀನ್ ಪರೀಕ್ಷೆಯ ವರದಿ, ನೀವು ಕಂಡದ್ದನ್ನು ದಿನಾಂಕ ಸಮೇತ ಬರೆದ ಒಂದು ನೋಟ್‌ಬುಕ್ ಜೊತೆಗಿರಲಿ. ಬಸ್ಸಿನಲ್ಲಿ ಕುಳಿತು ಅವನಿಗೆ ಉತ್ತರಗಳನ್ನು ಹೇಳಿಕೊಡುವುದು ಮಾತ್ರ ಬೇಡ.